ಹುಲಿಕುಂಟೆಯಲ್ಲಿ ನಾನು ಹೆಣೆದ ಮೆರಿನೋ ಒಳಚಡ್ಡಿ

ಸಿರಾ ಸೀಮೆಯ ಹುಲಿಕುಂಟೆಗೆ ಬಂದ ಮೊದಲ ಬೆಳಗ್ಗೆ ಮಾತಾಡಲು ಬಾಯಿ ತೆರೆದೆ. ಕೆಳತುಟಿ ನಡುವೆ ಸೀಳಿ ರಕ್ತ ಗದ್ದಕ್ಕಿಳಿಯಿತು. ಇಪ್ಪತ್ತಾರು ವರ್ಷ ಮಂಗಳೂರಿನ ಕಡಲ ಗಾಳಿಯಲ್ಲಿ ಬೆಳೆದ ನನಗೆ ಬರೀ ಗಾಳಿ ಮನುಷ್ಯರ ಚರ್ಮವನ್ನು ಹೀಗೆ ಹರಿಯಬಲ್ಲದು ಎಂದು ಗೊತ್ತಿರಲಿಲ್ಲ. ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದು, ಕೈಯಲ್ಲಿದ್ದ ಉಣ್ಣೆಯನ್ನು ತಿಕ್ಕಿ, ಅದರ ಜಿಡ್ಡನ್ನು ನನ್ನ ತುಟಿಗೆ ಸವರಿದಳು. ಕುರಿಯ ವಾಸನೆಗೆ ಮುಖ ಹಿಂದಕ್ಕೆಳೆದುಕೊಂಡೆ.

"ತಡ್ಕೋ ಕಣಮ್ಮ, ಸಂಜೆಗಂಟ ವಾಸಿಯಾಯ್ತದೆ" ಎಂದಳು. ವಾಸಿಯಾಯಿತು. ಅವಳು ಕರಿಹನುಮಕ್ಕ, ಈ ಸೀಮೆಯಲ್ಲಿ ನನಗೆ ಸಿಕ್ಕ ಮೊದಲ ಜೀವ.

ನಾನು ಬಂದದ್ದು ಹೆಣಿಗೆ ಕಲಿಸಲು. ಮಿಷನ್ ಶಾಲೆಯಲ್ಲಿ ಕಲಿತ ಎರಡು ಕಡ್ಡಿಯ ವಿದ್ಯೆ ನನ್ನ ಕೈಯಲ್ಲಿತ್ತು, ತಾಯಿ ತೀರಿದ ಮೇಲೆ ಅಣ್ಣನ ಮನೆಯಲ್ಲಿ ನನಗೆ ಬೇರೇನೂ ಇರಲಿಲ್ಲ. ಹುಲಿಕುಂಟೆಯ ಉಣ್ಣೆ ಸಾಹುಕಾರ ವೀರಭದ್ರಯ್ಯ ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂದ ಎರಡು ಮೆರಿನೋ ಟಗರುಗಳನ್ನು ತರಿಸಿ ಇಲ್ಲಿಯ ಕುರಿಗಳೊಂದಿಗೆ ಹೊಸ ತಳಿ ಬೆಳೆಸಿದ್ದ. ನಮ್ಮ ಕಡೆಯವರಿಗೆ ಹೇಳಬೇಕೆಂದರೆ, ಇಲ್ಲಿಯ ಕುರಿಯ ಉಣ್ಣೆ ತೆಂಗಿನ ನಾರಿನ ಹಾಗೆ, ಕಂಬಳಿಗೆ ಸರಿ. ಮೆರಿನೋ ಉಣ್ಣೆ ಬೂರುಗದ ಅರಳೆಯ ಹಾಗೆ, ಬೆರಳ ನಡುವೆ ಇದೆಯೋ ಇಲ್ಲವೋ ತಿಳಿಯದು. ಅದರಿಂದ ಮೈಗಂಟಿ ತೊಡುವ ಅಂಗಿ, ಚಡ್ಡಿ ಹೆಣೆಸಬೇಕೆಂಬುದು ಅವನ ಯೋಜನೆ.

ಬಿಸಿಲಿನ ಸೀಮೆಯಲ್ಲಿ ಉಣ್ಣೆಯ ಒಳಚಡ್ಡಿಯೇ ಎಂದು ನೀವು ನಗುತ್ತೀರಿ, ನಾನೂ ನಕ್ಕಿದ್ದೆ. ಆದರೆ ಕುರಿಗಳ ತಳಿ ನೋಡಲು ವರ್ಷಕ್ಕೆರಡು ಸಲ ಬರುತ್ತಿದ್ದ ಬಿಳಿಯ ದೊರೆಯೊಬ್ಬ ಶಿವರಾತ್ರಿಯ ಬಿಸಿಲಲ್ಲೂ ಅದನ್ನೇ ತೊಟ್ಟು ಗುಡ್ಡ ಹತ್ತುತ್ತಿದ್ದ. ಹತ್ತಿಯ ಬಟ್ಟೆ ಬೆವರನ್ನು ಕುಡಿದು ಮೈಗಂಟಿ ಥಂಡಿ ಹಿಡಿಸುತ್ತದೆ, ಮೆರಿನೋ ಹಾಗಲ್ಲ, ಮೂರು ದಿನ ತೊಟ್ಟರೂ ನಾರುವುದಿಲ್ಲ ಎನ್ನುತ್ತಿದ್ದ. ನಾನು ಒಂದು ಒಳಂಗಿ ಹೆಣೆದು ತೊಟ್ಟು ಒಂದು ದಿನ ಕುರಿಗಳ ಹಿಂದೆ ಅಲೆದೆ. ದೊರೆ ಹೇಳಿದ್ದು ನಿಜ.

ಉಳಿದದ್ದು ಕಲಿಯುವುದು ಅಷ್ಟು ಸುಲಭವಿರಲಿಲ್ಲ. ನಮ್ಮಲ್ಲಿ ಹಂಚಿನ ಮಾಡು, ಇಲ್ಲಿ ಮಣ್ಣಿನ ಮಾಳಿಗೆ. ನಮ್ಮಲ್ಲಿ ಗಂಜಿ, ಮೀನು; ಇಲ್ಲಿ ರಾಗಿ ಮುದ್ದೆ. ಅದನ್ನು ಅಗಿಯಬಾರದು, ನುಂಗಬೇಕು ಎಂದು ತಿಳಿಯದೆ ಅಗಿದು ಅಗಿದು ದವಡೆ ನೋಯಿಸಿಕೊಂಡೆ. ಮನೆಯಲ್ಲಿ ತುಳುವಾಡಿ, ಕನ್ನಡವನ್ನು ಪುಸ್ತಕದಿಂದ ಕಲಿತವಳು ನಾನು. "ನೀವು ಯಾಕೆ ನಗುತ್ತೀರಿ?" ಎಂದರೆ ಹೆಣಿಗೆ ಕಲಿಯಲು ಬಂದ ಹದಿನಾಲ್ಕು ಹೆಂಗಸರೂ ಇನ್ನಷ್ಟು ನಗುತ್ತಿದ್ದರು. ಮಾರ್ತಾ ಎಂಬ ನನ್ನ ಹೆಸರು ಅವರ ಬಾಯಿಗೆ ಬರಲಿಲ್ಲ. ಕಡ್ಡಿಯಮ್ಮ ಎಂದರು. ಕರಿಹನುಮಕ್ಕ ಮೊದಲ ಸಲ ತಾನೇ ಒಂದು ಕಾಲುಚೀಲದ ಹಿಮ್ಮಡಿಯ ತಿರುವನ್ನು ತಪ್ಪದೆ ಹೆಣೆದ ದಿನ ನನಗೆ ಊರು ಗೆದ್ದಷ್ಟು ಸಂತೋಷವಾಗಿತ್ತು.

ಎರಡನೆಯ ವರ್ಷ ಮೆರಿನೋ ಉಣ್ಣೆಯ ಒಂದು ಮೂಟೆ ಕಾಣೆಯಾಯಿತು. ವೀರಭದ್ರಯ್ಯ ಯಾರನ್ನೂ ಕೇಳಲಿಲ್ಲ, ನೇರ ನನ್ನೆದುರು ನಿಂತ.

"ಪರದೇಶಿ ಹೆಂಗ್ಸು ನೀನು. ನಮ್ಮೋರು ಕದಿಯಾಕಿಲ್ಲ."

ನನ್ನ ಪೆಟ್ಟಿಗೆಯನ್ನು ಅಂಗಳಕ್ಕೆ ಸುರಿಸಿದ. ಬೈಬಲಿನ ಪುಟಗಳನ್ನು ಹಿಡಿದು ಕೊಡವಿದ. ಆಮೇಲೆ ತನ್ನ ಮನೆಯ ಇಬ್ಬರು ಹೆಂಗಸರಿಗೆ ಹೇಳಿ, ಕುರಿ ಕಾಯುವ ಗಂಡಸರೆಲ್ಲ ನೋಡುತ್ತಿದ್ದ ಹಾಗೆಯೇ ನನ್ನ ಸೀರೆಯನ್ನು ಬಿಚ್ಚಿಸಿ ಒದರಿಸಿದ. ನಾನು ನನ್ನದೇ ಹೆಣಿಗೆಯ ಒಳಂಗಿಯಲ್ಲಿ, ಲಂಗದಲ್ಲಿ ನಿಂತಿದ್ದೆ. ಹಿರಿಯ ಕುರಿಗಾರನೊಬ್ಬ ಮಾತ್ರ ಮುಖ ತಿರುಗಿಸಿ ನಿಂತ. ಅವನ ಬೆನ್ನು ನನಗೆ ಇವತ್ತಿಗೂ ನೆನಪಿದೆ.

ನಾಲ್ಕು ದಿನ ಕಳೆದು ಮೂಟೆ ವೀರಭದ್ರಯ್ಯನ ಮನೆಯ ಅಟ್ಟದಲ್ಲೇ ಸಿಕ್ಕಿತು. ಅವನೇ ಇಟ್ಟು ಮರೆತಿದ್ದ.

"ಸಿಕ್ತು ಬುಡಮ್ಮ. ಇನ್ನೂ ಯಾಕೆ ಮಕ ಊದಿಸ್ಕೊಂಡಿದ್ದೀಯ" ಎಂದ. ಅಷ್ಟೇ.

ಅವತ್ತೇ ಊರಿಗೆ ಹೊರಡಬಹುದಿತ್ತು. ಹೊರಡಲಿಲ್ಲ. ಕ್ಷಮಿಸಬೇಕೆಂದು ನಮ್ಮ ಪಾದ್ರಿಗಳು ಕಲಿಸಿದ್ದರು; ಮಂಡಿಯೂರಿ ಪ್ರಯತ್ನಿಸಿದೆ, ಬರಲಿಲ್ಲ. ಬಂದದ್ದು ಒಂದೇ ಯೋಚನೆ: ಇವನೂ ಒಂದು ದಿನ ನಾಲ್ಕು ಜನರೆದುರು ಬಟ್ಟೆ ಬಿಚ್ಚಬೇಕು.

ಆ ಮಾಗಿಯಲ್ಲಿ ಅವನಿಗೆ ದೊರೆಯ ಕಾಗದ ಬಂತು. ಬೆಟ್ಟ ಹತ್ತುವವರ ಸಂಘವೊಂದಕ್ಕೆ ಹುಲಿಕುಂಟೆಯ ಒಳ ಉಡುಪುಗಳನ್ನು ಶಿಫಾರಸು ಮಾಡುವೆ, ಆದರೆ ಮೊದಲು ನೀವೇ ತೊಟ್ಟು ನನ್ನ ಜೊತೆ ಮಧುಗಿರಿ ಬೆಟ್ಟ ಹತ್ತಬೇಕು ಎಂದು. ವೀರಭದ್ರಯ್ಯನಿಗೆ ನೆಲದ ಮೇಲೆ ಕಾಲಿರಲಿಲ್ಲ. ನನ್ನ ಬಳಿ ಬಂದು, ಅಂಗಿ, ಚಡ್ಡಿ ಎರಡೂ ಹೊಸದಾಗಿ ಹೆಣೆ ಎಂದ. ಹೋಗುವಾಗ ಇನ್ನೊಂದು ಮಾತು ಸೇರಿಸಿದ: "ನಮ್ ಸೊಸೆ ಹೆಣ್ದವ್ಳೆ ಅಂತ ದೊರೆಗೆ ಹೇಳಿವ್ನಿ. ನೀನು ಬಾಯ್ ಬುಡ್ಬ್ಯಾಡ."

ಬಿಡಲಿಲ್ಲ. ಕರಿಹನುಮಕ್ಕನ ಹತ್ತಿರ ಮಾತ್ರ ಆ ಮಾತನ್ನೂ ನನ್ನ ಮನಸ್ಸಿನಲ್ಲಿದ್ದುದನ್ನೂ ಹೇಳಿದೆ. ಅವಳು ಬಿಡಿಸುತ್ತಿದ್ದ ಒರಟು ಉಣ್ಣೆಯ ಗಂಟಿನಿಂದ ಕಂದು ಬಣ್ಣದ ಬೀಜವೊಂದನ್ನು ಕಿತ್ತು ನನ್ನ ಅಂಗೈಗಿಟ್ಟಳು. ಮುಂದೆ ಸೂಜಿಮೊನೆ, ಹಿಂದೆ ಕೂದಲಿನಂಥ ಬಾಲ.

"ಹಂಚಿಕಡ್ಡಿ. ಗುಡ್ಡದ ಹುಲ್ಲಿನ ಬೀಜ. ಒಣಗಿದ್ರೆ ಸುಮ್ಕಿರ್ತದೆ. ಉಗುಳು ಹಚ್ಚಿ ನೋಡು."

ಹಚ್ಚಿದೆ. ಬಾಲ ಜೀವವಿದ್ದ ಹಾಗೆ ತಿರುಚಿಕೊಂಡು ಸುತ್ತತೊಡಗಿತು, ಮೊನೆ ಅಂಗೈಯೊಳಕ್ಕೆ ಇಳಿಯತೊಡಗಿತು.

"ಮಳೆ ಬಿದ್ರೆ ಕುರಿ ಚರ್ಮ ಕೊರ್ಕೊಂಡ್ ಹೋಯ್ತದೆ ಕಣಮ್ಮ. ಬೆವರಾದ್ರೂ ಅಷ್ಟೇಯ" ಎಂದಳು.

ಆ ಚಡ್ಡಿಯಷ್ಟು ಚಂದದ ಹೆಣಿಗೆ ನಾನು ಜನ್ಮದಲ್ಲಿ ಹೆಣೆದಿಲ್ಲ. ಸೊಂಟಕ್ಕೂ ತೊಡೆಯ ಸಂದಿಗೂ ಎರಡು ಪದರ ಮಾಡಿ, ಪದರಗಳ ನಡುವೆ ಹಂಚಿಕಡ್ಡಿ ಕೂರಿಸಿದೆ, ಮೊನೆಗಳೆಲ್ಲ ಒಳಮುಖ. ಬೀಜಗಳನ್ನು ಆರಿಸಿಕೊಟ್ಟವಳು ಕರಿಹನುಮಕ್ಕ. ಪ್ರತಿ ಕುಣಿಕೆಗೂ ನಾನು ಆ ಅಂಗಳದಲ್ಲಿ ನಿಂತಿದ್ದನ್ನು ನೆನೆದೆ.

ಮಧುಗಿರಿ ಬೆಟ್ಟ ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳಿದರೆ ತಿಳಿಯದು. ಬೆಟ್ಟವೆಂದರೆ ಕಾಡು ಎಂದುಕೊಂಡವಳು ನಾನು. ಇದು ಒಂದೇ ಒಂದು ಬೋಳು ಬಂಡೆ, ಊರಿನ ತಲೆಯ ಮೇಲೆ ನಿಂತಿದೆ. ಕೆಳಗೆ ಮೆಟ್ಟಿಲು, ಕೋಟೆಬಾಗಿಲುಗಳು. ಮೇಲೆ ಹೋದಂತೆ ಬಂಡೆಗೆ ಕೊರೆದ ಪಾದದ ಗುಳಿಗಳು ಮಾತ್ರ. ದೊರೆ ಮುಂದೆ, ವೀರಭದ್ರಯ್ಯ ಹಿಂದೆ, ಅವನ ಕಡೆಯ ಐದಾರು ಜನ. ನೀರು, ಬುತ್ತಿ ಹೊತ್ತು ಕರಿಹನುಮಕ್ಕ ಮತ್ತು ನಾನು.

ಎರಡನೆಯ ಬಾಗಿಲಿನವರೆಗೆ ಏನೂ ಆಗಲಿಲ್ಲ. ಅಲ್ಲಿಂದ ಬಿಸಿಲೇರಿತು, ಅವನ ಕುತ್ತಿಗೆಯಲ್ಲಿ ಬೆವರು ಕಂಡಿತು. ಒಮ್ಮೆ ಸೊಂಟ ತಡವಿಕೊಂಡ. ಮತ್ತೆ ತೊಡೆ. ಗುಳಿಗಳಿದ್ದ ಕಡಿದಾದ ಜಾಗದ ನಡುವೆ "ಅಯ್ಯಯ್ಯಪ್ಪ" ಎಂದು ನಿಂತುಬಿಟ್ಟ. ಒಂದು ಕಾಲು ಎತ್ತಿ ಕೊಡವುತ್ತಿದ್ದ, ಕೆಳಗೆ ಹಿಡಿಯಲು ಒಂದು ಗಿಡವೂ ಇಲ್ಲದ ಇಳಿಜಾರು. ಬಿದ್ದರೆ ಎಂಬ ಯೋಚನೆ ನನಗೆ ಬಂತು. ಬೀಳಲಿ ಎಂಬುದೂ ಬಂತು. ಎರಡನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಕರಿಹನುಮಕ್ಕ ಬುತ್ತಿ ಇಳಿಸಿ ಮೇಲಕ್ಕೆ ನಡೆದಳು. "ಕೂತ್ಕಳಿ ಸಾವ್ಕಾರ್ರೆ. ಕೆಳೀಕ್ ನೋಡ್ಬ್ಯಾಡಿ" ಎಂದು ಅವನ ಕೈ ಹಿಡಿದು ಕೂರಿಸಿದಳು. ಕುಳಿತದ್ದೇ ಮೊನೆಗಳು ಇನ್ನಷ್ಟು ಒಳಕ್ಕೆ ಹೋದವು. ಅವನು ಅತ್ತ. ಪಂಚೆ ಎಸೆದು, ಅಷ್ಟು ಜನರೆದುರು, ಆ ಬೋಳು ಬಂಡೆಯ ಮೇಲೆ ಚಡ್ಡಿ ಬಿಚ್ಚಿದ. ಎಲ್ಲರೂ ನೋಡಿದರು. ನಾನು ಕೊನೆಯವರೆಗೂ ನೋಡಿದೆ.

ದೊರೆ ಚಡ್ಡಿಯನ್ನು ತಿರುಗಿಸಿ, ಬೀಜಗಳನ್ನು ಕಂಡು, ಕಚ್ಚಾ ಉಣ್ಣೆ, ಸರಿಯಾಗಿ ಬಿಡಿಸಿಲ್ಲ, ನಿಮ್ಮ ಸೊಸೆ ಗಮನವಿಟ್ಟು ಹೆಣೆದಿಲ್ಲ ಎಂದ. ವೀರಭದ್ರಯ್ಯ ನನ್ನ ಮುಖ ನೋಡಿದ. ತಿಳಿಯಿತು ಅವನಿಗೆ. ಆದರೆ ಹೆಣೆದವಳು ನಾನೆಂದು ಹೇಳುವ ಹಾಗಿರಲಿಲ್ಲ.

ಶಿಫಾರಸು ಹೋಯಿತು, ಬೇಸಿಗೆಗೆ ನಾವು ಹೆಣೆಯುತ್ತಿದ್ದ ಕೊಟ್ಟಿಗೆಯೂ ಮುಚ್ಚಿತು. ಹದಿನಾಲ್ಕು ಹೆಂಗಸರು ಕಂಬಳಿಯ ನೂಲಿಗೇ ಮರಳಿದರು. ಇದು ನನ್ನ ಲೆಕ್ಕದಲ್ಲಿರಲಿಲ್ಲ. ತಪ್ಪಾಯಿತೆಂದು ಕರಿಹನುಮಕ್ಕನಿಗೆ ಹೇಳಲು ಹೋದರೆ ಅವಳಿಗೆ ಸಿಟ್ಟು ಬಂತು.

"ನೀನೊಬ್ಳೆ ಮಾಡ್ದೆ ಅನ್ಕಂಡಿದ್ದೀಯಾ? ಕಡ್ಡಿ ಆರಿಸಿದೋಳು ಯಾರು? ನನ್ನ ಪಾಲೂ ನೀನೇ ತಿನ್ಬ್ಯಾಡ."

ಆಮೇಲೆ ಊರಿಗೆ ಹೋಗಿ ಮೂರು ತಿಂಗಳು ಇದ್ದೆ. ಸಮುದ್ರ ಇತ್ತು, ಮೀನಿತ್ತು, ಮೈಚರ್ಮ ಮೆತ್ತಗಾಯಿತು. ನಾನು ತುಳುವಿನ ನಡುವೆ "ಬಂದ್ಬುಟ್ಟೆ" ಎಂದರೆ ಅತ್ತಿಗೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಎಲ್ಲರೂ ಒಳ್ಳೆಯವರು, ಯಾರಿಗೂ ನನ್ನ ಮೇಲೆ ಕೋಪವಿರಲಿಲ್ಲ, ನನಗೂ ಯಾರ ಮೇಲೂ ಇರಲಿಲ್ಲ. ಆ ಮನೆಯಲ್ಲಿ ನೆಂಟಳ ಹಾಗೆ ಕೂತಿದ್ದೆ. ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಣಿಗೆ ಕಲಿಸುವ ಕೆಲಸವಿದೆ ಎಂದು ತಿಳಿದದ್ದೇ ಹೊರಟುಬಂದೆ. ಬಂದು ಈಗ ಒಂಬತ್ತು ವರ್ಷ. ಅಮ್ಮನ ಸಮಾಧಿಯ ಪಕ್ಕದಲ್ಲಿ ನಿನಗೂ ಜಾಗ ಕೇಳಿಡಲೇ ಎಂದು ಅಣ್ಣ ಬರೆದಿದ್ದಾನೆ. ಉತ್ತರ ಬರೆದಿಲ್ಲ.

ನನ್ನನ್ನು ಕಂಡರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದ ವೀರಭದ್ರಯ್ಯ ಹೋದ ವಾರ ಮೋಟಾರು ನಿಲ್ಲುವಲ್ಲಿ ಎದುರಿಗೇ ಬಂದು ನಿಂತ. ಮುದುಕನಾಗಿದ್ದಾನೆ, ಕೋಲು ಹಿಡಿದಿದ್ದಾನೆ.

"ಕಡ್ಡಿಯಮ್ಮ, ನಿಮ್ಮೂರ್ಗೆ ಯಾವಾಗ ಹೋಯ್ತೀಯ?"

"ನಿಮ್ಮನ್ನ ಮಣ್ಣು ಮಾಡಿದ್ದು ನೋಡ್ಬುಟ್ಟು ಹೋಯ್ತೀನಿ ಸಾವ್ಕಾರ್ರೆ."

"ಅಲ್ಲೀಗಂಟ ಇಲ್ಲೋಳೇ ಅನ್ನು" ಎಂದ.

ಸಿರಾ ಕಡೆಯ ಮೋಟಾರು ಬಂತು. ಇಬ್ಬರೂ ಅದನ್ನೇ ಹತ್ತಬೇಕಿತ್ತು. ಅವನು ಮುಂದಿನ ಸೀಟಿನಲ್ಲಿ ಕುಳಿತ, ನಾನು ಅದರ ಹಿಂದೆ. ದಾರಿಯುದ್ದಕ್ಕೂ ಅವನ ಕತ್ತನ್ನೇ ನೋಡುತ್ತಿದ್ದೆ. ನಾನು ಇಷ್ಟು ಚೆನ್ನಾಗಿ ಬಲ್ಲ ಮನುಷ್ಯ ಇಡೀ ಮಂಗಳೂರಿನಲ್ಲಿ ಒಬ್ಬನೂ ಉಳಿದಿಲ್ಲ.