ಅಮಾವಾಸ್ಯೆಗೊಮ್ಮೆ ತೊಳೆದ ಗಾಡಿ

ನಮ್ಮ ಯಜಮಾನರ ಕಣ್ಣು ಹೋಗಿ ಬಹಳ ವರ್ಷವಾಯಿತು. ಈಗ ಕಿವಿಯೂ ಮಂದವಾಗುತ್ತಿದೆ. ಹೋದ ಬೇಸಿಗೆಯಲ್ಲಿ ಒಂದು ದಿನ ರೊಟ್ಟಿ ಮುರಿಯುತ್ತ ಅಂದರು, "ಕಿವಿ ಅದಾವ ಅನ್ನೂದ್ರಾಗ ಆ ಗಾಡಿ ಒಮ್ಮಿ ಚಾಲೂ ಮಾಡಸು. ಅದರ ಸಪ್ಪಳ ಕೇಳಬೇಕು."

ಗಾಡಿ ಎಂದರೆ ನಮ್ಮ ಮಗನ ಮೋಟಾರ್ ಸೈಕಲ್. ಅವನು ಕೊಳ್ಳುವಾಗಲೇ ಅದಕ್ಕೆ ಅವನಿಗಿಂತ ಹೆಚ್ಚು ವಯಸ್ಸು. ಗಂಗಾವತಿಯಲ್ಲಿ ಯಾರದೋ ಭತ್ತದ ಗೋದಾಮಿನಲ್ಲಿ ಬಿದ್ದದ್ದನ್ನು ತಂದು, ತಾನೇ ಬಿಚ್ಚಿ ತಾನೇ ಜೋಡಿಸಿದ್ದ. ಗಿಣಿಗೇರಾದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಬರುವಾಗ ಕೆರೆಯ ತಿರುವಿನಲ್ಲೇ ಅದರ ಸಪ್ಪಳ ಕೇಳುತ್ತಿತ್ತು. ಮುದುಕನೊಬ್ಬ ಕೆಮ್ಮಿ ಕೆಮ್ಮಿ ನಡುವೆ ಉಸಿರು ಹಿಡಿದ ಹಾಗೆ. ಇವರು "ಬಂದ" ಎಂದು ಎದ್ದು ಚಿಲಕ ತೆಗೆಯುತ್ತಿದ್ದರು. ನಾನು ಸಾರು ಬಿಸಿಗಿಡುತ್ತಿದ್ದೆ.

ಅವನು ಸತ್ತದ್ದು ಆ ಗಾಡಿಯಿಂದಲ್ಲ. ಜನ ಹಾಗೇ ತಿಳಿದಿದ್ದಾರೆ. ಹಿಂದಿನ ದಿನ ಅದರ ಇಂಜಿನ್ನಿನ ಪ್ಲಗ್ ಬಿಚ್ಚಿದ್ದ. ಹೊಸದು ತರುವವರೆಗೆ ಇರಲಿ ಎಂದು ನನ್ನ ಹಳೆಯ ಸೀರೆಯ ಚೂರು ಆ ತೂತಿಗೆ ತುರುಕಿ, ಬೆಳಿಗ್ಗೆ ಟಂಟಂ ಆಟೋ ಹತ್ತಿ ಕೆಲಸಕ್ಕೆ ಹೋದ. ಟಂಟಂ ಪಲ್ಟಿಯಾಯಿತು.

ಗುಜರಿಯವನಿಗೆ ಗಾಡಿ ಕೊಟ್ಟುಬಿಡೋಣ ಎಂದು ನಾನು ಎಷ್ಟೋ ಸಲ ಹೇಳಿದ್ದುಂಟು.

"ಕೊಡೂದಾದ್ರ ಮೊದ್ಲ ನನ್ನ ಕೊಡು," ಅನ್ನುತ್ತಿದ್ದರು.

"ನಿಮ್ಮನ್ನ ಅಂವ ತಗೊಳ್ಳೂದಿಲ್ರಿ. ನಿಮ್ಮ ಮೈಯಾಗ ಕಬ್ಬಿಣ ಎಲ್ಲೈತಿ?"

ಅವರು ಬಿಡಲಿಲ್ಲ. ಅಮಾವಾಸ್ಯೆ ಬಂದರೆ ಊರಿನವರು ತಂತಮ್ಮ ಟ್ರ್ಯಾಕ್ಟರ್, ಬೈಕು ತೊಳೆಯುತ್ತಾರೆ. ಇವರು ಕೈಯಿಂದ ತಡವಿಕೊಂಡು ಹಿತ್ತಲಿಗೆ ಹೋಗಿ, ನಿಂತ ಗಾಡಿಯ ಮೇಲೆ ಕೊಡಗಟ್ಟಲೆ ನೀರು ಸುರಿದು ಫ್ಯಾಕ್ಟರಿಯ ಕರಿ ಧೂಳು ಉಜ್ಜುತ್ತಿದ್ದರು. ವಿಭೂತಿ ಬಳಿದು ಕಾಯಿ ಒಡೆದು, ಅದರ ನೀರನ್ನೂ ಇಂಜಿನ್ ಮೇಲೆಯೇ ಹಾಕುತ್ತಿದ್ದರು. ಒಂದು ಅಮಾವಾಸ್ಯೆಯನ್ನೂ ತಪ್ಪಿಸಿದವರಲ್ಲ.

ಕೊನೆಗೆ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ನಾನೇ ಕೊಪ್ಪಳಕ್ಕೆ ಒಯ್ದೆ. ಮೆಕ್ಯಾನಿಕ್ ಕಡ್ಡಿ ಹಾಕಿ ತೂತಿನ ಬಟ್ಟೆ ಎಳೆದ. ಕೆಸರಿನ ಹಾಗೆ ಬಂತು.

"ಯವ್ವಾ, ಇದಕ್ಕ ನೀರು ಯಾರ ಹಾಕ್ಯಾರ?"

ನಾನು ಸೆರಗಿನಿಂದ ಸೀಟಿನ ಧೂಳು ಒರೆಸಿದೆ.

"ಮ್ಯಾಲೆ ಹಾಕಿದ್ದೆಲ್ಲ ಈ ಬಟ್ಟಿಗುಂಟ ಒಳಗ ಇಳದೈತಿ. ಪಿಸ್ಟನ್ ಕಚ್ಕೊಂಡೈತಿ. ಸೈಲೆನ್ಸರ್ ಕೊಳತು ತೂತಾಗೈತಿ. ಮುಟ್ಟಲಾರದ ಬಿಟ್ಟಿದ್ರ ಇಷ್ಟ ಕೆಡ್ತಿದ್ದಿಲ್ಲ."

"ತಮ್ಮಾ, ಈ ಮಾತ ನಮ್ಮ ಮನಿಗೆ ಬಂದಾಗ ಆಡಬ್ಯಾಡ."

"ಯಾಕ ಬೇ?"

"ಆಡಬ್ಯಾಡ ಅಂದ್ನೆಲ್ಲ."

ಅವನು ಬಟ್ಟೆಯನ್ನು ಕಸದ ಡಬ್ಬಿಗೆ ಎಸೆದ. ನಾನು ತೆಗೆದು ನೋಡಿದೆ. ಯಾವ ಸೀರೆಯದು ಎಂದು ಬಣ್ಣದಿಂದ ಗುರುತು ಹತ್ತಲಿಲ್ಲ. ಮತ್ತೆ ಅಲ್ಲೇ ಹಾಕಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ತಯಾರಾಯಿತು. ಇಂಜಿನ್ ಒಳಗಿನದೂ ಸೈಲೆನ್ಸರೂ ಹೊಸದಾಗಿದ್ದವು. ಮೆಕ್ಯಾನಿಕ್ ತಾನೇ ಓಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಕಳಿಸಿದ. ಆ ದಿನ ಇವರು ಬೆಳಿಗ್ಗೆಯೇ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತರು. ಉಣ್ಣಲು ಕರೆದರೂ ಒಳಗೆ ಬರಲಿಲ್ಲ.

ಕೆರೆಯ ತಿರುವಿನಲ್ಲಿ ಸಪ್ಪಳ ಕೇಳಿತು. ಕೆಮ್ಮಿಲ್ಲ, ಉಸಿರು ಹಿಡಿಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೋಗುವ ಬರುವ ಯಾವ ಬೈಕಿಗೂ ಇರುವ ಸಪ್ಪಳ. ಇವರು ಕತ್ತು ಕೂಡ ಹೊರಳಿಸಲಿಲ್ಲ. ಗಾಡಿ ನಮ್ಮ ಬಾಗಿಲಿಗೇ ಬಂದು ನಿಂತಾಗ ಅಂದರು, "ಯಾರೋ ಮಂದಿ ಬಂದ್ರು ನೋಡು. ಚಾ ಇಡು."

ಮೆಕ್ಯಾನಿಕ್ಕೇ ಹೇಳಿದ, "ಅಜ್ಜಾರ, ನಿಮ್ಮ ಗಾಡೀನ ರಿ."

ಇವರು ಇಳಿದು ಬಂದರು. ಟಾಂಕಿ ಮುಟ್ಟಿದರು. ಅದರ ಮೇಲಿದ್ದ ಹಳೆಯ ತಗ್ಗಿನಲ್ಲಿ ಬೆರಳಿಟ್ಟು ಅದೇ ಗಾಡಿ ಎಂದು ಖಾತ್ರಿ ಮಾಡಿಕೊಂಡರು. ಇನ್ನೊಮ್ಮೆ ಚಾಲೂ ಮಾಡು ಎಂದರು. ಕಿವಿಯನ್ನು ಇಂಜಿನ್ ಹತ್ತಿರ ಒಯ್ದು ಕೇಳಿದರು.

"ಇದು ಬ್ಯಾರೆ ಸಪ್ಪಳ."

"ಸೈಲೆನ್ಸರ್ ಹೊಸಾದ್ರಿ ಅಜ್ಜಾರ."

"ಹಳೇದಕ್ಕ ಏನಾಗಿತ್ತು?"

ಮೆಕ್ಯಾನಿಕ್ ನನ್ನ ಮುಖ ನೋಡಿದ.

"ತುಕ್ಕ ಹಿಡದಿತ್ತು," ಅಂದೆ ನಾನು. "ಇಷ್ಟ ವರ್ಷ ನಿಂತ್ರ ಹಿಡೀದ ಏನ್ ಮಾಡ್ತೈತಿ?"

ಅವರು ಸ್ವಲ್ಪ ಹೊತ್ತು ಸೀಟಿನ ಮೇಲೆ ಕೈಯಾಡಿಸಿದರು. ಆಮೇಲೆ ಅಂದರು, "ನಾ ತೊಳದು ಇಟ್ಟಿದ್ದಕ್ಕ ಇಷ್ಟರ ಉಳದೈತಿ."

"ಹೂಂ," ಅಂದೆ.

ಮೆಕ್ಯಾನಿಕ್ ಚಹಾ ಕುಡಿದು ಹೋದ. ಗಾಡಿ ಮತ್ತೆ ಹಳೆಯ ಜಾಗಕ್ಕೇ ಬಂತು. ನನ್ನ ಅಕ್ಕನ ಮಗ ವಾರಕ್ಕೊಮ್ಮೆ ಬಂದು ಹುಲಿಗಿ ದಾರಿಯವರೆಗೆ ಓಡಿಸಿ ತರುತ್ತಾನೆ. ಅವನು ಕಿಕ್ ಹೊಡೆಯುವಾಗ ಇವರು ಒಳಗೆ ಹೋಗಿ ಮಲಗುತ್ತಾರೆ. ಸಪ್ಪಳ ಕೇಳಿಸು ಎಂದು ಮತ್ತೆ ಕೇಳಿಲ್ಲ.

ಮೊನ್ನೆ ಅಮಾವಾಸ್ಯೆಗೆ ಹಿತ್ತಲಿನಲ್ಲಿ ಕೊಡದ ಸದ್ದಾಯಿತು. ಹೋಗಿ ನೋಡಿದೆ. ಗಾಡಿಯ ಮೇಲೆ ನೀರು ಸುರಿಯುತ್ತಿದ್ದರು. ತಡೆಯಬೇಕೆಂದು ಒಂದು ಹೆಜ್ಜೆ ಇಟ್ಟವಳು ನಿಂತೆ. ಈಗ ಪ್ಲಗ್ ಇದೆ. ನೀರು ಒಳಗೆ ಹೋಗುವುದಿಲ್ಲ.

ಒಡೆಯಲು ಕಾಯಿ ತಂದುಕೊಟ್ಟೆ.