ನನ್ನ ಬದಲು ಕೇಳಿದ ಹೂ

ಹುಟ್ಟಿದಾಗಿನಿಂದ ಕೆಮ್ಮುತ್ತಿದ್ದೇನೆ, ಇಪ್ಪತ್ತೊಂದು ವರ್ಷವಾಯಿತು. ಅದರಲ್ಲಿ ಎರಡು ಸಲ ಆರಾರು ತಿಂಗಳು ಟಿ.ಬಿ. ಗುಳಿಗೆ ನುಂಗಿದ್ದೇನೆ, ಟಿ.ಬಿ. ಇಲ್ಲದೆಯೇ. ಚಿಕ್ಕಂದಿನಲ್ಲಿ ನನಗೆ ಮುತ್ತು ಕೊಟ್ಟವರೆಲ್ಲ "ಈ ಕೂಸು ಉಪ್ಪುಪ್ಪು ಐತಲ್ಲೇ" ಎಂದು ನಗುತ್ತಿದ್ದರಂತೆ. ಆ ಉಪ್ಪೇ ರೋಗದ ಗುರುತು ಎಂದು ಹೇಳುವವರು ಒಬ್ಬರಾದರೂ ಬೇಡವೇ? ಕೊನೆಗೆ ಕಳೆದ ವರ್ಷ, ಬೆಂಗಳೂರಿನಿಂದ ತಿಂಗಳಿಗೊಮ್ಮೆ ಚಿತ್ರದುರ್ಗದ ಆಸ್ಪತ್ರೆಗೆ ಬರುವ ವೈದ್ಯೆಯೊಬ್ಬರು ಬೆವರು ಪರೀಕ್ಷೆ ಮಾಡಿಸಿ ಹೇಳಿದರು: ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟಿನಿಂದಲೇ ಬರುವಂಥದ್ದು, ಕಫ ಗೋಂದಿನಂತೆ ಗಟ್ಟಿಯಾಗಿ ಶ್ವಾಸಕೋಶವನ್ನು ಕೆಡಿಸುತ್ತದೆ. ನನಗಿಂತ ಮೊದಲು ಹುಟ್ಟಿ ನಾಲ್ಕನೇ ವಯಸ್ಸಿಗೇ ತೀರಿಕೊಂಡ ಅಣ್ಣನಿಗೂ ಇದೇ ಇದ್ದಿರಬೇಕು ಎಂದರು. ಅವ್ವ ಬಾಯಿಗೆ ಸೆರಗಿಟ್ಟುಕೊಂಡು ಕೂತಿದ್ದಳು.

ಈ ವರ್ಷ ಅದೇ ವೈದ್ಯೆ ಹೊಸ ಔಷಧಿಯೊಂದರ ಪ್ರಯೋಗದ ವಿಷಯ ತೆಗೆದರು. ಸೇರಿದವರಲ್ಲಿ ಕೆಲವರಿಗೆ ಔಷಧಿ, ಕೆಲವರಿಗೆ ನೋಡಲು ಹಾಗೆಯೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದು ಎಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಉಸಿರಾಟ ಸುಧಾರಿಸಬಹುದು, ಲಿವರಿಗೆ ತೊಂದರೆಯೂ ಆಗಬಹುದು. ಒಂದು ಕಟ್ಟು ಕಾಗದ ಕೊಟ್ಟು, "ಓದಿ, ಯೋಚನೆ ಮಾಡಿ, ಮುಂದಿನ ತಿಂಗಳು ಹೇಳಿ" ಎಂದರು.

ನಮ್ಮೂರು ಮಾಡದಕೆರೆಗೆ ಬಂದು ಓದುತ್ತಾ ಕೂತೆ. ಅರ್ಥವಾಗದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ. ಭಯವಾಯಿತು. ಆಸೆಯೂ ಆಯಿತು. ಹತ್ತು ಮೆಟ್ಟಿಲಿಗೆ ಉಸಿರು ಕಟ್ಟುವವಳಿಗೆ ಆಸೆಯಾಗದೆ ಇನ್ನೇನಾಗುತ್ತದೆ? ನಾನಿನ್ನೂ ಏಳನೇ ಪುಟದಲ್ಲಿದ್ದೆ. ಅಷ್ಟರಲ್ಲಿ ಅಪ್ಪ, ದೊಡ್ಡಪ್ಪ ಗುಡಿಗೆ ಹೋಗಿ ಹೂ ಕೇಳಿಕೊಂಡೇ ಬಂದಿದ್ದರು.

ನಮ್ಮಲ್ಲಿ ಮದುವೆಯಿರಲಿ, ಬೋರ್ ಕೊರೆಸುವುದಿರಲಿ, ಹೂ ಕೇಳದೆ ಮುಂದೆ ಹೋಗುವುದಿಲ್ಲ. ಪೂಜಾರಿ ದೇವರ ಮೈಗೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಒಳ್ಳೆಯದಾಗುತ್ತದೆ, ಎಡಗಡೆಯದು ಬಿದ್ದರೆ ಬೇಡ. ಅದಕ್ಕೂ ಒಂದು ಕ್ರಮವಿದೆ: ಯಾರ ವಿಷಯವೋ ಅವರೇ ತಲೆಗೆ ನೀರು ಹಾಕಿಕೊಂಡು ಬಂದು ದೇವರ ಎದುರು ಕೂರಬೇಕು. ನನ್ನನ್ನು ಯಾರೂ ಕರೆಯಲಿಲ್ಲ.

"ಎಡಗಡೆ ಕೊಟ್ಟೈತೆ. ಬ್ಯಾಡ ಬಿಡು," ಎಂದರು ದೊಡ್ಡಪ್ಪ, ಚಪ್ಪಲಿ ಬಿಡುತ್ತಲೇ.

"ನನ್ನನ್ಯಾಕೆ ಕರೀಲಿಲ್ಲ?"

"ಸೋಮಾರ, ಜನ ಇರ್ತಾರೆ. ನೀನು ಅಲ್ಲಿ ಕುಂತ್ಕಂಡು ಕೆಮ್ಮಿದ್ರೆ ಹೊಳಲ್ಕೆರೆಗೆ ಸುದ್ದಿ ಮುಟ್ಟಾಕೆ ಎಷ್ಟೊತ್ತು?"

ಹೊಳಲ್ಕೆರೆಯಲ್ಲಿರುವುದು ನನ್ನ ತಂಗಿಗೆ ನೋಡಿದ ಗಂಡಿನ ಮನೆ. ನನಗೆ ಮೈಯೆಲ್ಲ ಉರಿಯಿತು. "ಹಂಗಾದ್ರೆ ದೇವ್ರನ್ನ ಏನಂತ ಕೇಳಿದ್ರಿ?"

ಅಪ್ಪ ನೆಲ ನೋಡಿದ. "ಇವಳು ಇದಕ್ಕೆ ಸೇರಿದ್ರೆ ಮನೆತನಕ್ಕೆ ಒಳ್ಳೇದಾಗುತ್ತಾ ಅಂತ."

ಮನೆತನಕ್ಕಂತೆ. ಕೆಮ್ಮುವವಳು ನಾನು, ಗುಳಿಗೆ ನುಂಗುವವಳು ನಾನು, ಕೆಟ್ಟರೆ ಕೆಡುವ ಲಿವರು ನನ್ನದು. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ, ಪಾಪ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾನೆ. ಸಿಟ್ಟು ಇದ್ದದ್ದು ಕೇಳಿದವರ ಮೇಲೆ. ಮೂರು ದಿನ ಅವರಿಬ್ಬರ ಜೊತೆ ಮಾತು ಬಿಟ್ಟೆ. ಅದು ಅವರ ಗಮನಕ್ಕೇ ಬರಲಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮುಂದಿನ ತಿಂಗಳು ಅಪ್ಪ, ದೊಡ್ಡಪ್ಪ, ಅವ್ವ, ನಾನು ನಾಲ್ವರೂ ಬಸ್ಸು ಹತ್ತಿ ದುರ್ಗಕ್ಕೆ ಹೋದೆವು. ವೈದ್ಯೆಯ ಕೋಣೆಯಲ್ಲಿ ಕೂರುವ ಮೊದಲೇ ದೊಡ್ಡಪ್ಪ ಶುರುಮಾಡಿದರು: "ನಮ್ ಹುಡುಗಿ ಸೇರಲ್ಲ ಮೇಡಂ. ಮನೇಲಿ ತೀರ್ಮಾನ ಆಗೈತೆ."

"ಅವರಿಗೆ ಇಪ್ಪತ್ತೊಂದು ವರ್ಷ," ಎಂದರು ವೈದ್ಯೆ. "ಅವರೇ ಹೇಳಲಿ."

ಪೆನ್ಸಿಲ್ ಗೆರೆ ಎಳೆದಿದ್ದ ಪುಟ ತೆಗೆದು ಕೇಳಿದೆ: "ಔಷಧಿ ನನಗೆ ಒಗ್ಗಿತು ಅಂತ ಇಟ್ಕೊಳ್ಳಿ. ಪ್ರಯೋಗ ಮುಗಿದ ಮೇಲೂ ಕೊಡ್ತೀರಾ?"

ಅವರು ನನ್ನ ಮುಖ ನೋಡಿದರು. "ಗೊತ್ತಿಲ್ಲ. ಕಂಪನಿಯವರು ಬರೆದುಕೊಟ್ಟಿಲ್ಲ. ನಾನು ಕೇಳ್ತಾನೇ ಇದ್ದೀನಿ. ಆದ್ರೆ ಕೊಡ್ತಾರೆ ಅಂದ್ರೆ ನಿಮಗೆ ಸುಳ್ಳು ಹೇಳಿದಂಗಾಗುತ್ತೆ."

ನೋಡಿ ಇವರ ನ್ಯಾಯ. ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಲು ನನ್ನ ಮೈ ಬೇಕು, ಕೆಲಸ ಮಾಡಿದರೆ ಅದೇ ಮೈಗೆ ಕೊಡುವ ಮಾತಿಲ್ಲ. ಎದ್ದು ಹೋಗಿಬಿಡಬೇಕು ಅನ್ನಿಸಿತು. ಎದ್ದರೆ ಎಲ್ಲಿಗೆ ಹೋಗುವುದು, ಮತ್ತದೇ ಕೆಮ್ಮಿಗೆ. ಅಲ್ಲದೆ ಇಷ್ಟು ವರ್ಷಗಳಲ್ಲಿ ನನ್ನ ಮುಖ ನೋಡಿ "ಗೊತ್ತಿಲ್ಲ" ಎಂದವರು ಈಕೆ ಒಬ್ಬರೇ. ಪೆನ್ನು ಕೈಗೆ ತೆಗೆದುಕೊಂಡೆ.

ಅಪ್ಪ ನನ್ನ ಮಣಿಕಟ್ಟು ಹಿಡಿದ. "ಎಡಗಡೆ ಬಿದ್ದೈತೆ ಕಣಮ್ಮ. ದೇವ್ರ ಮಾತು ಮೀರಬ್ಯಾಡ."

"ಅವಳ ಕೈ ಬಿಡ್ರಿ."

ಅವ್ವ. ಗಂಡನಿಗೆ ಹೀಗೆ ಹೇಳಿದ್ದನ್ನು ನಾನು ಅವತ್ತಿನವರೆಗೆ ಕೇಳಿರಲಿಲ್ಲ.

"ದೊಡ್ಡೋನ್ನ ಬೆಂಗ್ಳೂರಿಗೆ ಕರ್ಕಂಡೋಗ್ರಿ ಅಂದಿದ್ರು ಡಾಕ್ಟ್ರು," ಎಂದಳು, ದನಿ ಏರಿಸದೆ. "ಮನೇಲೇ ಇಟ್ಕಂಡ್ರೆ ಉಳೀತಾನಾ ಅಂತ ಆಗ್ಲೂ ಹೋಗಿ ಹೂ ಕೇಳಿದ್ರಿ. ಬಲಗಡೆ ಕೊಟ್ಟಿತ್ತು."

ಅಪ್ಪ ಕೈ ಬಿಟ್ಟ. ನಾನು ಸಹಿ ಹಾಕಿದೆ.