ಎಡಗಡೆಯ ನಾಲ್ಕು ನಟ್ಟು

...ಅಥವಾ ಅದು ಶುಕ್ರವಾರವೇ ಅಲ್ಲದಿರಬಹುದು. ಉಸ್ತಾದರು ನಮಾಜಿಗೆ ಹೋಗಿದ್ದರು ಎಂಬುದನ್ನು ಹಿಡಿದು ಶುಕ್ರವಾರ ಎಂದುಕೊಳ್ಳುತ್ತೇನೆ. ಅವರು ದಿನವೂ ಹೋಗುತ್ತಿದ್ದರು. ಲಾರಿಯ ಬಣ್ಣವನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದ್ದೇನೆ. ನೆನಪು ತನಗೆ ಬೇಕಾದ್ದನ್ನು ಒರೆಸಿ ಒಪ್ಪಮಾಡಿ ಇಡುತ್ತದೆ, ಆದ್ದರಿಂದ ನನ್ನನ್ನು ಪೂರ್ತಿ ನಂಬಬೇಡಿ. ಇಂಥ ಅನುಭವ ಹೇಳುವವರನ್ನು ನಾನೂ ನಂಬುತ್ತಿರಲಿಲ್ಲ. ಯಾರಾದರೂ "ನನಗೊಂದು ವಿಚಿತ್ರ ಆಯ್ತು" ಎಂದು ಶುರುಮಾಡಿದರೆ, ಇವರು ಏನನ್ನು ಮುಚ್ಚಿಡುತ್ತಿದ್ದಾರೆ ಎಂದು ಯೋಚಿಸುತ್ತಿದ್ದೆ. ಈಗ ಆ ಪ್ರಶ್ನೆ ನನ್ನ ಕಡೆಗೇ ತಿರುಗಿದೆ.

ಕಾಚಿಗೂಡ ಸ್ಟೇಷನ್ನಿನ ಹಿಂದೆ ಒಂದು ಲಾರಿ ಶೆಡ್ಡಿತ್ತು. ಡಿಪ್ಲೊಮಾ ಮುಗಿದಿತ್ತು, ನೌಕರಿಯ ಆರ್ಡರು ಬಂದಿರಲಿಲ್ಲ. ಮನೆಯಲ್ಲಿ ಕೂತು ಕೆಡಬಾರದೆಂದು ಅಪ್ಪ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಶೆಡ್ಡಿನ ಹಿರಿಯ ಮೇಸ್ತ್ರಿ ಮಹಬೂಬ್ ಉಸ್ತಾದರು ಹುಮನಾಬಾದಿನವರು. ಗಿರಾಕಿಗಳ ಜೊತೆ ಉರ್ದು, ತೆಲುಗು. ನನ್ನ ಜೊತೆ ಕನ್ನಡ. ನನ್ನನ್ನು ಇಂಜಿನಿಯರ್ ಸಾಬ್ರ ಎಂದು ಕರೆಯುತ್ತಿದ್ದರು. ಅದರಲ್ಲಿ ಎಷ್ಟು ಮರ್ಯಾದೆ, ಎಷ್ಟು ಚೇಷ್ಟೆ ಎಂದು ನಾನು ದಿನವೂ ಅಳೆಯುತ್ತಿದ್ದೆ.

ಅಪ್ಪನ ಗೆಳೆಯ ಶರಣಪ್ಪ ಕಾಕಾ ಅವರದೊಂದು ಹಳೆಯ ಸಣ್ಣ ಲಾರಿ, ಹಿಂದೆ ಮಿಲಿಟರಿಯಲ್ಲಿ ಓಡಿದ್ದು. ಅದರ ಮುಂದಿನ ಚಕ್ರಗಳು ಸುರುಳಿ ಸ್ಪ್ರಿಂಗುಗಳ ಮೇಲೆ ನಿಂತಿದ್ದವು. ಆ ಸ್ಪ್ರಿಂಗು ಎಲ್ಲೂ ಸಿಗುತ್ತಿರಲಿಲ್ಲ, ಭಾರ ಹೇರಿದರೆ ಗಾಡಿ ಒಂದು ಕಡೆ ವಾಲುತ್ತಿತ್ತು. ಉಸ್ತಾದರು ಅದನ್ನೆಲ್ಲ ಕಿತ್ತುಹಾಕಿ, ಅಖಂಡ ಆಕ್ಸಲ್ಲನ್ನು ಕಮಾನುಪಟ್ಟಿಗಳ ಮೇಲೆ ಕೂಡಿಸಲು ಹೊರಟಿದ್ದರು. ಕಮಾನುಪಟ್ಟಿ ಎಂದರೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಪಟ್ಟಿಗೂ ಆಕ್ಸಲ್ಲಿಗೂ ಇರುವ ಸಂಬಂಧ ಒಂದೇ: ಎರಡನ್ನೂ ತಬ್ಬಿ ಹಿಡಿಯುವ ಯು-ಬೋಲ್ಟುಗಳು. ಒಂದೊಂದು ಕಡೆ ಎರಡು ಬೋಲ್ಟು, ನಾಲ್ಕು ನಟ್ಟು. ಅವು ಸಡಿಲಾದರೆ ಆಕ್ಸಲ್ ಜಾರುತ್ತದೆ, ಸ್ಟೇರಿಂಗು ಕೈಗೆ ಸಿಗುವುದಿಲ್ಲ.

ಆ ಶೆಡ್ಡಿನಲ್ಲಿ ಒಂದು ರಿವಾಜಿತ್ತು. ನಟ್ಟು ಬಿಗಿದವನೇ ಅದರ ಮೇಲೆ ಬಿಳಿ ಬಣ್ಣದ ಗೆರೆ ಎಳೆಯಬೇಕು, ನಟ್ಟಿನಿಂದ ಬೋಲ್ಟಿನ ತುದಿಯವರೆಗೆ ಒಂದೇ ಗೆರೆ. ಬಣ್ಣ ಬಿದ್ದ ನಟ್ಟಿಗೆ ಇನ್ನೊಬ್ಬ ಪಾನಾ, ಅಂದರೆ ಸ್ಪ್ಯಾನರು, ಹಚ್ಚಿದರೆ ಅದು ಬೈಗುಳಕ್ಕಿಂತ ದೊಡ್ಡ ಅವಮಾನ.

ಆ ದಿನ ಬೆಳಿಗ್ಗೆ ನಾನು ಎಲ್ಲರೆದುರು ಹೇಳಿದೆ: "ಜಾಕ್ ಮ್ಯಾಲ ಇದ್ದಾಗ ಪೂರಾ ಬಿಗೀಬಾರದ್ರಿ ಉಸ್ತಾದ್. ಕೆಳಗಿಳಿಸಿ, ಪಟ್ಟಿ ಮ್ಯಾಲ ಭಾರ ಬಿದ್ದಾಗ ಬಿಗೀಬೇಕು. ಪುಸ್ತಕದಾಗ ಐತಿ."

"ಹೌದೇನ್ರಿ? ಮತ್ತ ಗಾಡಿ ಕೆಳಗ ಆ ಪುಸ್ತಕಾನ ಮಲಗಸ್ರಿ, ನಾ ಮನೀಗಿ ಹೋಗ್ತೀನಿ" ಎಂದರು. ಎಲ್ಲರೂ ನಕ್ಕರು. ಆಮೇಲೆ, ನನಗೆ ಬೇಸರವಾದದ್ದು ಗೊತ್ತಾಗಿಯೋ ಏನೋ, ನಮಾಜಿಗೆ ಹೊರಡುವಾಗ, "ಬಲಗಡಿ ನಂದು ಮುಗೀತು. ಎಡಗಡಿ ನಿಮ್ಮ ಕೈಗಿ ಬಿಟ್ಟೀನಿ, ಇಂಜಿನಿಯರ್ ಸಾಬ್ರ" ಎಂದರು.

ನಾನು ಆ ನಾಲ್ಕು ನಟ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿ ಸಡಿಲವಾಗಿಯೇ ಬಿಟ್ಟೆ. ಲಾರಿ ಇಳಿಸಿದ ಮೇಲೆ ಪುಸ್ತಕದ ಪ್ರಕಾರ ಬಿಗಿಯುವುದು ನನ್ನ ಲೆಕ್ಕ. ಅಷ್ಟರೊಳಗೆ ಅವರು ಬಂದು ಬಿಗಿಯಬಾರದೆಂದು ನಾಲ್ಕಕ್ಕೂ ಗೆರೆ ಎಳೆದೆ. ಮುಂಭಾಗದ ಒಂದು ನಟ್ಟಿನ ಬಣ್ಣ ಸೋರಿತು. ಹೆಬ್ಬೆರಳಿನಿಂದ ಒತ್ತಿ ಒರೆಸಿದೆ. ನಟ್ಟು ಬೋಲ್ಟು ಎರಡನ್ನೂ ಹಾದು ನನ್ನ ಬೆರಳಿನ ಅಚ್ಚು ಮೂಡಿತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಇಷ್ಟು ಸ್ಪಷ್ಟವಾಗಿರುವುದೇ ಅನುಮಾನಕ್ಕೆ ಕಾರಣ ಎಂದರೆ, ಇರಲಿ.

ಆಗ ನನ್ನ ಸಹಪಾಠಿಯೊಬ್ಬ ಇಸ್ತ್ರಿ ಮಾಡಿದ ಅಂಗಿಯಲ್ಲಿ ಶೆಡ್ಡಿನ ಬಾಗಿಲಿಗೆ ಬಂದ. ಅವನಿಗೆ ನೌಕರಿ ಸಿಕ್ಕಿತ್ತು. ಲಾರಿಯ ಕೆಳಗೆ ಮಲಗಿದ್ದ ನನ್ನನ್ನು ಅವನು ನೋಡುವ ಮೊದಲೇ ತೆವಳಿ ಹೊರಬಂದು, ಕೈ ತೊಳೆದು, ಅವನನ್ನು ರಸ್ತೆಯಾಚೆಯ ಇರಾನಿ ಹೋಟೆಲಿಗೆ ಕರೆದೊಯ್ದೆ. ನಾನು ಅಲ್ಲಿ ಮೇಲ್ವಿಚಾರಣೆ ಮಾಡುತ್ತಿದ್ದೇನೆ ಎಂದು ಹೇಳಿದೆ. ಒಂದು ಚಹಾ ಎಂದು ಹೋದವರು ಮೂರು ಕುಡಿದೆವು.

ವಾಪಸು ಬಂದಾಗ ಲಾರಿ ಇರಲಿಲ್ಲ.

ಶರಣಪ್ಪ ಕಾಕಾ ಹೇಳಿದ್ದಕ್ಕಿಂತ ಮುಂಚೆ ಬಂದಿದ್ದರಂತೆ. ಹೆರಿಗೆಗೆ ಬಂದಿದ್ದ ಮಗಳು ಗೌರಿಯನ್ನು, ಐದು ತಿಂಗಳ ಕೂಸನ್ನು, ತೊಟ್ಟಿಲ ಸಮೇತ ಹುಮನಾಬಾದಿನ ಗಂಡನ ಮನೆಗೆ ಬಿಡಬೇಕಿತ್ತು. ಪಂಚಾಂಗದಲ್ಲಿ ಒಳ್ಳೆಯ ದಿನ ಅದೇ. ತಾವು ಕೂಡಿಸಿದ ಗಾಡಿಯ ಮೊದಲ ಓಟ ಉಸ್ತಾದರು ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ. ಎಡಗಡೆ ಬಗ್ಗಿ ನೋಡಿದರಂತೆ. ಬಣ್ಣ ಬಿದ್ದಿತ್ತು. ಹೊರಟರಂತೆ.

ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಫೋನಿತ್ತು. ಹುಮನಾಬಾದಿನ ದಾರಿಯಲ್ಲಿ, ಜಹೀರಾಬಾದಿನಲ್ಲಿ, ಉಸ್ತಾದರು ತಪ್ಪದೆ ನಿಲ್ಲುತ್ತಿದ್ದ ಒಂದು ಶೆಡ್ಡಿತ್ತು; ಅದರ ನಂಬರು ನಮ್ಮ ಗೋಡೆಯ ಮೇಲೆ ಬರೆದಿತ್ತು. ನಾನು ಹೋಗಿ ಫೋನಿನ ಮುಂದೆ ನಿಂತೆ. ಅಂಗಡಿಯವ "ಎಕ್ಕಡಿಕಿ ಬಾಬು?" ಎಂದು ಕೇಳಿದ. ಎಲ್ಲಿಗೆ ಎಂದು ಹೇಳಿದ್ದರೆ ಯಾಕೆ ಎಂದೂ ಹೇಳಬೇಕಿತ್ತು. "ಏಮೀ ಲೇದು," ಏನಿಲ್ಲ, ಎಂದು ವಾಪಸು ಬಂದೆ. ಇನ್ನೂ ಹೊತ್ತಿತ್ತು. ಲಾರಿ ಅದಕ್ಕಿಂತ ಮೊದಲೇ ಸಿಗುವ ಸಂಗಾರೆಡ್ಡಿಯನ್ನೂ ದಾಟಿರಲಾರದು. ಸಂಜೆಯವರೆಗೂ ಪಾನಾಗಳನ್ನು ಎಣ್ಣೆಬಟ್ಟೆಯಲ್ಲಿ ಒರೆಸುತ್ತ ಕೂತೆ.

ರಾತ್ರಿ ನನಗೆ ನಿದ್ದೆ ಬಂತು. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ.

ಮರುದಿನ ಮಧ್ಯಾಹ್ನ ಲಾರಿ ಶೆಡ್ಡಿನೊಳಗೆ ಬಂತು. ಕಾಕಾ ಇಳಿದು, "ಏನ್ ಗಾಡಿ ಮಾಡೀರೋ ಮಾರಾಯ! ಕೂಸು ಒಂದ್ಸಲಾನೂ ಎಚ್ಚರಾಗಲಿಲ್ಲ" ಎಂದರು. ಎಲ್ಲರೂ ಅವರನ್ನು ಸುತ್ತಿಕೊಂಡಾಗ ನಾನು ಉದ್ದ ಪೈಪು ಸಿಕ್ಕಿಸಿದ ಪಾನಾ ಹಿಡಿದು ಕೆಳಗೆ ತೆವಳಿದೆ.

ನಟ್ಟುಗಳು ಮಿಸುಕಲಿಲ್ಲ. ಕಾಲು ಊರಿ ಜಗ್ಗಿದೆ. ನಾಲ್ಕೂ ಬಿಗಿಯಾಗಿದ್ದವು. ಅದಿರಲಿ, ಯಾರೋ ಬಿಗಿದಿರಬಹುದು. ಆದರೆ ಬಿಗಿದ ಮೇಲೆ ಗೆರೆ ಮುರಿಯಬೇಕು: ನಟ್ಟಿನ ಮೇಲಿನ ಚೂರು ಒಂದು ಕಡೆ, ಬೋಲ್ಟಿನ ಮೇಲಿನ ಚೂರು ಇನ್ನೊಂದು ಕಡೆ. ನಾಲ್ಕು ಗೆರೆಗಳೂ ನೆಟ್ಟಗಿದ್ದವು. ಅಳಿಸಿ ಮತ್ತೆ ಎಳೆದರೇ ಎಂದುಕೊಂಡೆ. ಮುಂಭಾಗದ ಆ ನಟ್ಟಿನ ಮೇಲೆ ನನ್ನ ಹೆಬ್ಬೆರಳಿನ ಅಚ್ಚು ಇತ್ತು, ಎಲ್ಲೂ ಒಡೆಯದೆ, ಎರಡನ್ನೂ ಹಾದು. ಬೆರಳಿಟ್ಟು ನೋಡಿದೆ. ಸರಿಹೊಂದಿತು.

ಹೊರಗೆ ಬಂದು, ಆದಷ್ಟು ಸಹಜವಾಗಿ, "ಉಸ್ತಾದ್, ದಾರ್ಯಾಗ ಎಡಗಡಿ ಬಿಗಿದ್ರೇನು?" ಎಂದು ಕೇಳಿದೆ.

ಅವರ ಮುಖ ಬಿಗಿಯಿತು. "ನೀವು ಬಣ್ಣ ಹಚ್ಚಿದ್ದನ್ನ ನಾ ಯಾಕ ಮುಟ್ಟಲಿರಿ?" ಎಂದರು. ಆಮೇಲೆ ಹತ್ತಿರ ಬಂದು ನನ್ನ ಬಲಗೈ ಹಿಡಿದು, ಎಲ್ಲರಿಗೂ ಕಾಣುವಂತೆ ಎತ್ತಿದರು. "ನಿನ್ನೆ ನಕ್ಕಿದ್ದು ನಂದು ತಪ್ಪು. ಈ ಕೈ ಮ್ಯಾಲ ಭರೋಸಾ ಇಟ್ಟು ಒಂದು ಕೂಸಿನ್ನ ಕೂಡಿಸ್ಕೊಂಡು ಹೋಗಿ ಬಂದೀನಿ." ಕಾಕಾ ನನ್ನ ಬೆನ್ನು ತಟ್ಟಿದರು.

ಹೇಳುವುದಕ್ಕೆ ಅದು ಎರಡನೆಯ ಅವಕಾಶ. ಆ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ.

ತಿಂಗಳೊಳಗೆ ಆರ್ಡರು ಬಂತು, ಶೆಡ್ಡು ಬಿಟ್ಟೆ. ಮುಂದೆ ಎಷ್ಟೋ ವರ್ಷ ಕಾಚಿಗೂಡದಿಂದಲೇ ರೈಲು ಹತ್ತಿದೆ, ಸ್ಟೇಷನ್ನಿನ ಹಿಂದಕ್ಕೆ ಹೋಗಲಿಲ್ಲ. ಉಸ್ತಾದರು ಹೊಸಬರಿಗೆಲ್ಲ ನನ್ನ ನಾಲ್ಕು ನಟ್ಟಿನ ಕಥೆ ಹೇಳುತ್ತಿದ್ದರೆಂದು, ಅವರು ತೀರಿಹೋದ ಸುದ್ದಿಯ ಜೊತೆಗೇ, ಶರಣಪ್ಪ ಕಾಕಾ ಹೇಳಿದರು.

ಸಹಪಾಠಿ ಬರುವ ಮೊದಲೇ ನಾನು ನಟ್ಟು ಬಿಗಿದು ಮರೆತಿದ್ದೆನೇ? ಹಾಗಿದ್ದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಹಾಗೆ ನಂಬಲು ಪ್ರಯತ್ನಿಸಿದ್ದೇನೆ. ಆದರೆ ಫೋನಿನ ಮುಂದೆ ನಿಂತಾಗ ಅವು ಸಡಿಲಾಗಿವೆ ಎಂದೇ ನನಗೆ ಗೊತ್ತಿತ್ತು. ಗೊತ್ತಿದ್ದೇ ತಿರುಗಿ ಬಂದೆ. ಆ ಭಾಗದಲ್ಲಿ ಮಾತ್ರ ನೆನಪು ಏನನ್ನೂ ತಿದ್ದಿಕೊಡುವುದಿಲ್ಲ. ನಟ್ಟು ಬಿಗಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ಹೊತ್ತಿದ್ದೂ ನಾನು ಆ ಫೋನನ್ನು ಯಾಕೆ ಎತ್ತಲಿಲ್ಲ ಎಂಬುದೂ ಗೊತ್ತಿಲ್ಲ.